ಮೋರ್ಟಾರ್ ಕಾಣದಿದ್ರೂ ಹಾಫ್‌ಟ್ರ್ಯಾಕ್ ಯಾವ್ದು ಅಂತ ಹೇಳ್ಬಹುದು – ನನ್ನ ಅನುಭವ

ಎಂ4, ಎಂ4ಎ1, ಎಂ21 ಮೂರೂ ಎರಡನೇ ಮಹಾಯುದ್ಧದ ಕಾಲದ, 81 ಎಂಎಂ ಮೋರ್ಟಾರ್ (ಶೆಲ್ ಎತ್ತರಕ್ಕೆ ಹಾರಿಸೋ ಗಿಡ್ಡ ಫಿರಂಗಿ) ಹೊತ್ತ ಅಮೆರಿಕನ್ ಹಾಫ್‌ಟ್ರ್ಯಾಕ್‌ಗಳು, ಅಂದ್ರೆ ಮುಂದೆ ಚಕ್ರ, ಹಿಂದೆ ಟ್ಯಾಂಕ್ ಥರ ಪಟ್ಟಿ ಇರೋ ಸೇನಾ ಗಾಡಿಗಳು. ಸೈಡಿಂದ ತೆಗೆದ ಫೋಟೋ, ಮೇಲೆ ಟಾರ್ಪಾಲ್ ಬೇರೆ ಹೊದ್ಸಿದ್ರೆ ಯಾವ್ದು ಅಂತ ಹೇಳಕ್ಕೇ ಆಗಲ್ಲ ಅಂತ ಮಾಡೆಲ್ ಕಟ್ಟೋ ಗೆಳೆಯರೆಲ್ಲ ಅಂತಿದ್ರು. ಆಗುತ್ತೆ, ನಾನು ಮಾಡಿದೀನಿ.

ಮೊದ್ಲು ಮುಂದಿನ ಬಂಪರ್ ಹಿಡ್ಕೊಂಡೆ, ಕೆಲಸಕ್ಕೆ ಬರ್ಲಿಲ್ಲ, ರೋಲರ್ (ಹಳ್ಳ ದಾಟೋಕೆ ನೆರವಾಗೋ ಉರುಳೆ) ಇರೋದೂ ಸಿಗುತ್ತೆ ವಿಂಚ್ (ಗಾಡಿ ಎಳೆಯೋ ಹಗ್ಗದ ರಾಟೆ) ಇರೋದೂ ಸಿಗುತ್ತೆ. ಯೂನಿಟ್ ನಂಬರ್ ನೋಡೋಣ ಅಂದ್ರೆ ಯುದ್ಧಕಾಲದ ಸೆನ್ಸಾರ್‌ನವ್ರು ಅಳಿಸಿಬಿಟ್ಟಿರ್ತಾರೆ. ವಿದೇಶದಿಂದ ಒರಿಜಿನಲ್ ಪ್ರಿಂಟ್‌ಗಳು ತರಿಸ್ದೆ, ಶಿಪ್ಪಿಂಗು ಕಸ್ಟಮ್ಸು ಎಲ್ಲಾ ಸೇರಿ ಹತ್ತಿರ ಹತ್ತಿರ ಆರು ಸಾವಿರ, ಅದ್ರಲ್ಲಿ ಅರ್ಧ ಬ್ಲರ್ರು.

ಕೊನೆಗೆ ಕೈ ಹಿಡಿದಿದ್ದು ಬಾಡಿ ಉದ್ದ. ಎಂ4, ಎಂ4ಎ1 ಬಂದಿದ್ದು ಎಂ2 ಅನ್ನೋ ಮೂಲ ಹಾಫ್‌ಟ್ರ್ಯಾಕ್‌ನಿಂದ, ಎಂ21 ಬಂದಿದ್ದು ಎಂ3 ಅನ್ನೋದ್ರಿಂದ. ಎಂ3 ಬಾಡಿ ಸುಮಾರು 10 ಇಂಚು ಜಾಸ್ತಿ ಉದ್ದ, 1/35 ಸ್ಕೇಲ್ ಮಾಡೆಲ್‌ನಲ್ಲಿ 7 ಮಿ.ಮೀ. ಬರುತ್ತೆ. ಮುಂದಿನ ಟೈರನ್ನೇ ಅಳತೆಗೋಲು ಮಾಡ್ಕೊಂಡು ಕ್ಯಾಬ್ ಬಾಗಿಲಿಂದ ಹಿಂಭಾಗದ ತುದಿವರೆಗೆ ಎಷ್ಟು ಟೈರ್ ಅಂತ ನೋಡಿ, ವ್ಯತ್ಯಾಸ ಎದ್ದು ಕಾಣುತ್ತೆ. ಓರೆಯಾಗಿ ತೆಗೆದ ಫೋಟೋಗೆ ಹೇಗೆ ಸರಿ ಮಾಡ್ಕೋಬೇಕು ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ. ಅಳತೆ ಅನುಮಾನ ಅನ್ಸಿದ್ರೆ ಕ್ಯಾಬ್ ಬಾಗಿಲ ಹಿಂದೇನೆ ಪಕ್ಕದ ತಗಡಲ್ಲಿ ಗುಂಡಿನ ಲಾಕರ್ ಬಾಗಿಲು ಹುಡುಕಿ, ಅದು ಎಂ2 ವಂಶದ್ದು.

ಟಾರ್ಪಾಲ್ ಇಲ್ಲದಿದ್ರೆ ಇನ್ನೂ ಸುಲಭ. ಒಳಗೆ ಸುತ್ತಲೂ ಮಷಿನ್‌ಗನ್ ಜಾರಿಸೋ ರೈಲ್ ಇದ್ರೆ ಎಂ4 ಕಡೆಯವ್ರು, ರೈಲ್ ಇಲ್ದೆ ಹಿಂದೆ ಕಂಬದ ಮೇಲೆ .50 (ಅರ್ಧ ಇಂಚಿನ) ಮಷಿನ್‌ಗನ್ ಇದ್ರೆ ಎಂ21. ಮೋರ್ಟಾರ್ ಯಾವ ಕಡೆ ತಿರುಗಿದೆ ಅನ್ನೋದನ್ನ ಮಾತ್ರ ನಂಬ್ಕೋಬೇಡಿ! ಎಂ4 ಹಿಂದಕ್ಕೆ, ಎಂ21 ಮುಂದಕ್ಕೆ, ನಿಜ, ಆದ್ರೆ ಅಮೆರಿಕದ 2ನೇ ಆರ್ಮರ್ಡ್ ಡಿವಿಷನ್‌ನವ್ರು ಎಂ4ನಲ್ಲೇ ಮುಂದಕ್ಕೆ ತಿರುಗಿಸ್ಕೊಂಡಿದ್ರು. ಎಂ4ಗೂ ಎಂ4ಎ1ಗೂ ವ್ಯತ್ಯಾಸ ಮಾತ್ರ ಒಳಗಡೆ ಮೋರ್ಟಾರ್ ಕೂರಿಸೋ ಮೌಂಟ್ ಕಾಣದೆ ಹೇಳಕ್ಕಾಗಲ್ಲ, ಮೊದಲ್ನೇದು ಮೋರ್ಟಾರ್ ಕೆಳಗಿಳಿಸಿ ಹೊಡೆಯೋಕೆ ಅಂತ ಮಾಡಿದ್ದು, ಎರಡ್ನೇದ್ರಲ್ಲಿ ಗಾಡಿಯಿಂದ್ಲೇ ಹೊಡೆಯೋ ಹಾಗೆ ನೆಲ ಗಟ್ಟಿ ಮಾಡಿದ್ರು.

ಇದೇ ಲೆಕ್ಕ ಜರ್ಮನ್ನರ ಮೋರ್ಟಾರ್ ಹಾಫ್‌ಟ್ರ್ಯಾಕ್ 251/2 ಮೇಲೂ ಹಾಕಿ ನೋಡ್ದೆ, ನಡೀಲಿಲ್ಲ, ಅದ್ರ ಬಾಡಿ ಮಾಮೂಲಿ 251/1ದೇ, ಒಳಗಿನ 8 ಸೆಂ.ಮೀ. ಮೋರ್ಟಾರ್ ಕಂಡ್ರೆ ಗೊತ್ತಾಗುತ್ತೆ.

ಎಂ21 ಕಟ್ಟಿದ್ದೇ 110ರಷ್ಟು, 1944ರಲ್ಲಿ. ಅದಕ್ಕೇ ನನ್ನ ಆಲ್ಬಮ್ಮಲ್ಲಿ ಎಂ4 ಅಂತ ಬರ್ಕೊಂಡು ಬಂದಿದ್ದ ಎರಡು ಪ್ರಿಂಟ್ ಎಂ21 ಅಂತ ಸಾಬೀತಾದಾಗ ಆ ಆರು ಸಾವಿರ ವಸೂಲಾಯ್ತು.