ಫೋಲ್ಡರಿನೊಳಗಿನ ಫೋಲ್ಡರನ್ನೂ ಬಿಡದೆ ಪಟ್ಟಿ ಮಾಡಿದ್ದು: ಪೈಥಾನ್ ಜೊತೆ ನನ್ನ ಅನುಭವ

ನಮ್ಮ ಹತ್ತಿರ ಇರುವ ಯಕ್ಷಗಾನದ ರೆಕಾರ್ಡಿಂಗ್‌ಗಳೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿವೆ. ಪ್ರಸಂಗಕ್ಕೊಂದು ಫೋಲ್ಡರ್, ಅದರೊಳಗೆ ಊರಿಗೊಂದು, ಅದರೊಳಗೆ ವರ್ಷಕ್ಕೊಂದು. ಯಾವುದು ಎಲ್ಲಿದೆ ಎಂದು ಎಕ್ಸೆಲ್‌ನಲ್ಲಿ ತೆರೆಯುವಂಥ ಒಂದು ಪಟ್ಟಿ ಬೇಕಿತ್ತು.

ಅದಕ್ಕೆ ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ಸುಲಭದ ದಾರಿ ಅದರ ಪಾತ್‌ಲಿಬ್ ಮಾಡ್ಯೂಲಿನ (ಸಿದ್ಧ ಕೋಡಿನ ಕಟ್ಟು) ಆರ್‌ಗ್ಲಾಬ್. ಒಂದು ನಕ್ಷತ್ರ ಚಿಹ್ನೆ ಕೊಟ್ಟರೆ ಸಾಕು, ಒಳಗಿನ ಫೈಲು, ಫೋಲ್ಡರ್ ಎಲ್ಲ ಬರುತ್ತವೆ. ಚಿಕ್ಕ ಕೆಲಸಕ್ಕೆ ಈಗಲೂ ಅದನ್ನೇ ಬಳಸುತ್ತೇನೆ. ಆದರೆ ‘ಈ ಫೋಲ್ಡರಿನೊಳಗೆ ಹೋಗಬೇಡ’ ಎಂದು ಅದಕ್ಕೆ ಹೇಳಲು ಆಗುವುದಿಲ್ಲ. ನನಗೆ ಬ್ಯಾಕಪ್ ಫೋಲ್ಡರ್‌ಗಳನ್ನು ಬಿಡಬೇಕಿತ್ತು. ಹಾಗಾಗಿ ಓಎಸ್ ಮಾಡ್ಯೂಲಿನ ವಾಕ್ ಎಂಬ ಫಂಕ್ಷನ್ ಹಿಡಿದೆ.

ವಾಕ್ ಪ್ರತಿ ಫೋಲ್ಡರಿಗೂ ಮೂರು ಸಂಗತಿ ಕೊಡುತ್ತದೆ: ಆ ಫೋಲ್ಡರಿನ ಪಾತ್ (ಡಿಸ್ಕಿನಲ್ಲಿ ಅದರ ವಿಳಾಸ), ಒಳಗಿನ ಫೋಲ್ಡರ್‌ಗಳ ಪಟ್ಟಿ, ಫೈಲುಗಳ ಪಟ್ಟಿ. ಸೊಗಸಿರುವುದು ಎರಡನೆಯದರಲ್ಲಿ. ಮುಂದೆ ಎಲ್ಲಿಗೆ ಇಳಿಯಬೇಕು ಎಂದು ವಾಕ್ ಅದನ್ನೇ ನೋಡಿ ತಿಳಿದುಕೊಳ್ಳುತ್ತದೆ. ಅದರಿಂದ ಒಂದು ಹೆಸರು ತೆಗೆದರೆ ಆ ಕಡೆ ತಲೆಯೇ ಹಾಕುವುದಿಲ್ಲ. ಆದರೆ ತೆಗೆಯುವುದು ಅದೇ ಪಟ್ಟಿಯಿಂದ ಆಗಬೇಕು. ಹೊಸ ಪಟ್ಟಿ ಮಾಡಿ ಅದೇ ಹೆಸರಿಟ್ಟರೆ ವಾಕ್‌ಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಪಟ್ಟಿಯ ಹೆಸರಿನ ಪಕ್ಕ ಚೌಕ ಕಂಸದಲ್ಲಿ ಒಂದು ಕೋಲನ್ ಹಾಕಿ ಬರೆಯುವುದು. ಅಲ್ಲೇ ಸಾರ್ಟ್ ಕೂಡ ಮಾಡಿಬಿಡಿ. ಇಲ್ಲದಿದ್ದರೆ ಯಾವ ಫೋಲ್ಡರ್ ಮೊದಲು ಬರುತ್ತದೆ ಎಂದು ಹೇಳುವ ಹಾಗಿಲ್ಲ.

ಇನ್ನೊಂದು ವಿಷಯ ಜಾಸ್ತಿ ಮುಖ್ಯ. ತೆರೆಯಲು ಅನುಮತಿ ಇಲ್ಲದ ಫೋಲ್ಡರ್ ಸಿಕ್ಕರೆ ವಾಕ್ ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಎರರ್ ಬರುವುದಿಲ್ಲ. ಸ್ಕ್ರಿಪ್ಟ್ ಸರಿಯಾಗಿ ಮುಗಿದಂತೆ ಕಾಣುತ್ತದೆ, ಆದರೆ ಒಂದಿಡೀ ವರ್ಷದ ಆಟಗಳೇ ಪಟ್ಟಿಯಲ್ಲಿ ಇಲ್ಲದೆ ಹೋಗಬಹುದು. ಅಂಥ ಅರೆಬರೆ ಪಟ್ಟಿಗಿಂತ ನಡುವೆ ನಿಂತುಹೋದ ಸ್ಕ್ರಿಪ್ಟೇ ವಾಸಿ ಅಲ್ವಾ? ಅದಕ್ಕೆ ವಾಕ್‌ನ ಆನ್‌ಎರರ್ ಎಂಬ ಆಯ್ಕೆಗೆ ಒಂದು ಫಂಕ್ಷನ್ ಕೊಟ್ಟೆ. ಬಿಟ್ಟುಹೋದ ಪಾತ್‌ಗಳೆಲ್ಲ ಬೇರೆ ಫೈಲಿನಲ್ಲಿ ದಾಖಲಾಗುತ್ತವೆ. ಸಿಂಬಾಲಿಕ್ ಲಿಂಕ್‌ಗಳ (ಬೇರೆ ಫೋಲ್ಡರ್ ಅಥವಾ ಫೈಲಿನತ್ತ ಬೆರಳು ತೋರಿಸುವ ಕೊಂಡಿಗಳ) ಬೆನ್ನು ಹತ್ತುವ ಆಯ್ಕೆಯನ್ನು ಮುಟ್ಟಲಿಲ್ಲ. ಅದನ್ನು ಆನ್ ಮಾಡಿದರೆ, ಲಿಂಕ್ ಮೇಲಿನ ಫೋಲ್ಡರಿಗೇ ತಿರುಗಿದ್ದಾಗ ಸ್ಕ್ರಿಪ್ಟ್ ಅಲ್ಲಲ್ಲೇ ಸುತ್ತುತ್ತದೆ.

ಕನ್ನಡದ ಹೆಸರುಗಳಿಗೆ ಬೇರೆಯೇ ಕಾಳಜಿ ಬೇಕು. ‘ಭೀಷ್ಮ ವಿಜಯ’ದ ‘ೀ’ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರ, ಚಿಹ್ನೆಗೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆ) ಒಂದೇ ಕೋಡ್ ಆಗಿ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ‘ೇ’, ‘ೊ’, ‘ೋ’ಗಳೂ ಹೀಗೇ ಒಡೆಯುತ್ತವೆ. ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ವ್ಯವಸ್ಥೆಯ ಡಿಸ್ಕ್‌ಗಳು ಹೆಸರನ್ನು ಒಡೆದೇ ಇಟ್ಟುಕೊಳ್ಳುತ್ತಿದ್ದವು. ಕಣ್ಣಿಗೆ ಎರಡೂ ಒಂದೇ, ಪೈಥಾನಿಗೆ ಬೇರೆ ಬೇರೆ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ‘ಎನ್‌ಎಫ್‌ಸಿ’ (ಒಡೆದ ಚಿಹ್ನೆಗಳನ್ನು ಕೂಡಿಸಿದ ರೂಪ) ಎಂದು ಕೊಟ್ಟು ಹೆಸರನ್ನು ಒಂದೇ ರೂಪಕ್ಕೆ ತಂದ ಮೇಲೆಯೇ ಹೋಲಿಸುತ್ತೇನೆ. ಡಿಸ್ಕಿನಲ್ಲಿರುವ ಮೂಲ ಪಾತ್‌ಗೆ ಬೇರೆ ಕಾಲಮ್ ಇದೆ. ಫೈಲ್ ತೆರೆಯಲು ಅದೇ ಬೇಕು. ಪಟ್ಟಿಯ ಸಿಎಸ್‌ವಿ ಫೈಲನ್ನು (ಅಲ್ಪವಿರಾಮದಿಂದ ಕಾಲಮ್ ಬೇರ್ಪಡಿಸಿದ ಪಠ್ಯ) ‘ಯುಟಿಎಫ್-8-ಸಿಗ್’ ಎನ್‌ಕೋಡಿಂಗ್‌ನಲ್ಲಿ ಉಳಿಸಿದರೆ ಎಕ್ಸೆಲ್‌ನಲ್ಲೂ ಕನ್ನಡ ಸರಿಯಾಗಿ ಮೂಡುತ್ತದೆ.