ಕ್ರಿಪ್ಟೊ ಹಲಾಲೇ? ನಾನು ನೋಡುವ ಬಗೆ

ಮಂಗಳೂರಿನಲ್ಲಿ ಲೆಕ್ಕಪತ್ರ ನೋಡಿಕೊಂಡಿರುವವನು ನಾನು. ಗಲ್ಫ್‌ನಲ್ಲಿ ದುಡಿಯುವ ಹುಡುಗರು ಮೊದಲೆಲ್ಲ ಜಾಗ, ಚಿನ್ನ, ಫ್ಲ್ಯಾಟಿನ ಬಗ್ಗೆ ಕೇಳುತ್ತಿದ್ದರು, ಈಗ ಕ್ರಿಪ್ಟೊ ಹಲಾಲಾ ಹರಾಮಾ ಎಂದು ಕೇಳುತ್ತಾರೆ. ಫತ್ವಾ ಕೊಡಲು ನಾನು ಮುಫ್ತಿಯಲ್ಲ. ಮುಫ್ತಿ ಸಾಹೇಬರ ಮುಂದಿಡುವ ಕಾಗದವನ್ನು ಸರಿಯಾಗಿ ಸಿದ್ಧಮಾಡಿ ಕೊಡುತ್ತೇನೆ, ಅಷ್ಟೆ.

ಫತ್ವಾಗಳನ್ನೇ ಓದಿ ತೀರ್ಮಾನಿಸೋಣವೆಂದರೆ ಅವು ಒಂದೇ ಮಾತು ಹೇಳುವುದಿಲ್ಲ. ಈಜಿಪ್ಟಿನ ಫತ್ವಾ ಸಂಸ್ಥೆ ದಾರುಲ್ ಇಫ್ತಾ ಬಿಟ್‌ಕಾಯಿನ್ ವ್ಯವಹಾರ ಕೂಡದು ಎಂದಿತು. ಮಲೇಷ್ಯಾದ ಸೆಕ್ಯುರಿಟೀಸ್ ಕಮಿಷನ್ನಿನ ಶರಿಯಾ ಮಂಡಳಿ 2020ರಲ್ಲಿ, ಕಾಯಿನ್ ಕೊಂಡು ಮಾರುವ ಆನ್‌ಲೈನ್ ಮಾರುಕಟ್ಟೆಗಳಾದ ನೋಂದಾಯಿತ ಎಕ್ಸ್‌ಚೇಂಜ್‌ಗಳಲ್ಲಿ ಡಿಜಿಟಲ್ ಆಸ್ತಿಯ ವ್ಯಾಪಾರಕ್ಕೆ ಒಪ್ಪಿತು. ಇಂಡೋನೇಷ್ಯಾದ ಉಲೇಮಾ ಮಂಡಳಿ 2021ರಲ್ಲಿ, ಹಣವಾಗಿ ಬಳಸುವುದು ಹರಾಮ್, ಸರಕಾಗಿ ಮಾರುವುದಾದರೆ ಅದರ ಹಿಂದೆ ಆಧಾರವೂ ಸ್ಪಷ್ಟ ಪ್ರಯೋಜನವೂ ಇರಬೇಕು ಎಂದಿತು. ಇದನ್ನೆಲ್ಲ ಓದಿದ ಮೇಲೆ ನಾನು ಕಾಯಿನ್ನಿನ ಹೆಸರು ಹಿಡಿದು ಹೊರಡುವುದನ್ನು ಬಿಟ್ಟೆ. ಮೊದಲು ಎಕ್ಸ್‌ಚೇಂಜಿನ ಸ್ಟೇಟ್‌ಮೆಂಟ್ ತರಿಸುತ್ತೇನೆ.

ಅದರಲ್ಲಿ ಫ್ಯೂಚರ್ಸ್ ಕಂಡರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೈಯಲ್ಲಿರುವುದರ ಹತ್ತು ಪಟ್ಟು ಮೊತ್ತದ ವ್ಯವಹಾರಕ್ಕೆ ಲೆವರೇಜ್ ತೆಗೆದುಕೊಂಡು, ಎಂದೂ ಸ್ವಾಧೀನಕ್ಕೆ ಬರದ ಕಾಯಿನ್ನಿನ ದರದ ಮೇಲೆ ಪಣ ಕಟ್ಟುವ ಆಟ ಅದು. ಮೈಸಿರ್, ಅಂದರೆ ಜೂಜು, ಎನ್ನಲು ಇನ್ನೇನು ಬೇಕು?

ನನ್ನ ಸಮಯವೆಲ್ಲ ಹೋಗುವುದು, ಕಾಯಿನ್ ಎಕ್ಸ್‌ಚೇಂಜಿನಲ್ಲಿ ಬಿಟ್ಟಿದ್ದಕ್ಕೆ ಬಂದ ಗಳಿಕೆ ತೋರಿಸುವ 'ಅರ್ನ್' ಎಂಬ ಕಾಲಮ್ಮಿಗೆ. ದುಬೈಯಲ್ಲಿರುವ ಅಕ್ಕನ ಮಗ ಹೀಗೆ ವಾದಿಸಿದ: "ಮಾಮಾ, ಇದು ಲಾಭದ ಹಂಚಿಕೆ ಅಲ್ವಾ? ಮುದಾರಬಾ ಥರ?"

"ಮುದಾರಬಾದಲ್ಲಿ ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ. ನಷ್ಟವಾದರೆ ಬಂಡವಾಳ ಹಾಕಿದವನೇ ಹೊರಬೇಕು. ನಿಂಗೆ ಇಲ್ಲಿ ನಷ್ಟ ಬರುತ್ತಾ?"

"ಇಲ್ಲ, ಅಸಲು ಹಾಗೇ ಇರುತ್ತೆ."

ಆಮೇಲೆ ಇಬ್ಬರೂ ಕೂತು ಷರತ್ತು ಓದಿದೆವು. ಅವನ ಕಾಯಿನ್‌ಗಳನ್ನು ಎಕ್ಸ್‌ಚೇಂಜು ಮಾರ್ಜಿನ್ ವ್ಯಾಪಾರಿಗಳಿಗೆ ಸಾಲ ಕೊಡುತ್ತಿತ್ತು. ಅವರು ಕಟ್ಟುವ ಬಡ್ಡಿಯಲ್ಲಿ ಇವನಿಗೊಂದು ಪಾಲು. ಅದು ರಿಬಾ, ಅಂದರೆ ನಿಷಿದ್ಧ ಬಡ್ಡಿ, ಎಂದು ಅವನಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಸ್ಟೇಕಿಂಗ್ ಅಷ್ಟು ಸಲೀಸಲ್ಲ. ಇಥೀರಿಯಂ ಎಂಬ ಕ್ರಿಪ್ಟೊ ಜಾಲ 2022ರ ಸೆಪ್ಟೆಂಬರಿನಲ್ಲಿ, ಕಂಪ್ಯೂಟರ್ ಬಲದಿಂದ ವಹಿವಾಟು ದೃಢಪಡಿಸುವ ಮೈನಿಂಗ್ ಬಿಟ್ಟು ಈ ಪದ್ಧತಿಗೆ ಬಂತು. ಅದರ ಕಾಯಿನ್ ಆದ ಈಥರ್ 32 ಒತ್ತೆಯಿಟ್ಟು ವಹಿವಾಟು ಪರಿಶೀಲಿಸಿದವನಿಗೆ ಹೊಸ ಈಥರ್ ಜೊತೆಗೆ ಬಳಕೆದಾರರ ಶುಲ್ಕದಲ್ಲೂ ಪಾಲು ಸಿಗುತ್ತದೆ. ಮೋಸ ಮಾಡಿದರೆ ಒತ್ತೆಯಲ್ಲೇ ಕಡಿತ. ಇಲ್ಲಿ ಸಾಲಗಾರ ಯಾರೂ ಇಲ್ಲ, ಹಾಗಾಗಿ ಕೆಲಸಕ್ಕೆ ಸಿಗುವ ಕೂಲಿ ಎನ್ನುವವರ ಮಾತು ನನಗೆ ಹಿಡಿಸುತ್ತದೆ. ಎಲ್ಲ ಮುಫ್ತಿಗಳೂ ಅದನ್ನು ಒಪ್ಪುವುದಿಲ್ಲ. ಆದರೆ ಎಕ್ಸ್‌ಚೇಂಜು ಇಷ್ಟೇ ಶೇಕಡಾ ಖಾತ್ರಿ ಎಂದು ಮುಂಗಡವೇ ಹೇಳುತ್ತಿದ್ದರೆ ನಾನು ಅದನ್ನು ಸಾಲದ ಕಾಲಮ್ಮಿಗೆ ದೂಡುತ್ತೇನೆ.

ಸ್ಪಾಟ್‌ನಲ್ಲಿ ಪೂರ್ತಿ ಹಣ ಕೊಟ್ಟು ಕೊಂಡು ಇಟ್ಟುಕೊಂಡದ್ದಕ್ಕೆ ಕೇಳುವುದು ಸ್ವಾಧೀನದ ಪ್ರಶ್ನೆ. ಕಾಯಿನ್ ನಿನ್ನ ವಾಲೆಟ್ಟಿನಲ್ಲಿದೆಯೋ, ಎಕ್ಸ್‌ಚೇಂಜಿನ ಲೆಡ್ಜರಿನಲ್ಲಿ ಬರೀ ಸಂಖ್ಯೆಯೋ? 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಎಂಬ ಎಕ್ಸ್‌ಚೇಂಜು ಮುಳುಗಿದಾಗ ಸಂಖ್ಯೆಗಳೆಲ್ಲ ಪರದೆಯ ಮೇಲೆ ಇದ್ದೇ ಇದ್ದವು, ಕಾಯಿನ್ ಮಾತ್ರ ಕೈಗೆ ಬರಲಿಲ್ಲ. ಕಬ್ಜಾ (ಸ್ವಾಧೀನ) ಎಂದರೆ ಪುಸ್ತಕದ ಮಾತು ಎಂದುಕೊಂಡಿದ್ದವರಿಗೂ ಅಂದು ಅರ್ಥವಾಗಿರಬೇಕು.

ಇನ್ನೊಂದು ವಾದವೂ ಬರುತ್ತದೆ: ಸರ್ಕಾರವೇ 30% ತೆರಿಗೆ ಹಾಕಿದೆ, ಅಂದಮೇಲೆ ಇದು ಆಸ್ತಿ ತಾನೆ? ಲಾಟರಿ ಗೆಲುವಿಗೂ 30% ತೆರಿಗೆಯಿದೆ. ಲಾಟರಿ ಹಲಾಲ್ ಆಗಿಬಿಟ್ಟಿತೇ!

ಜಕಾತ್ ಎಂಬ ಕಡ್ಡಾಯ ದಾನದ ಲೆಕ್ಕಕ್ಕೆ ಇಷ್ಟು ತಲೆಬಿಸಿಯಿಲ್ಲ. ಮಾರುವುದಕ್ಕೆಂದೇ ಇಟ್ಟುಕೊಂಡ ಕಾಯಿನ್ ವ್ಯಾಪಾರದ ಸರಕು. ನಿಸಾಬ್ (ಜಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ) ದಾಟಿ ಚಾಂದ್ರಮಾನದ ವರ್ಷ ತುಂಬಿದ ದಿನ ರೂಪಾಯಿಯಲ್ಲಿ ಅದರ ಬೆಲೆ ಎಷ್ಟಿದೆಯೋ ಅದರ 2.5%. ಕೊಂಡ ದರಕ್ಕಿಂತ ಕೆಳಗೆ ಬಿದ್ದಿದ್ದರೂ ಅಂದಿನ ದರವೇ. ಅರ್ನ್‌ನಿಂದ ಬಂದದ್ದನ್ನು ಇದರಲ್ಲಿ ಸೇರಿಸುವುದಿಲ್ಲ. ಅದನ್ನು ಪ್ರತ್ಯೇಕ ತೆಗೆದು, ಪುಣ್ಯದ ನಿಯ್ಯತ್ (ಸಂಕಲ್ಪ) ಇಲ್ಲದೆ ಬಡವರಿಗೆ ಕೊಟ್ಟುಬಿಡಲು ಮುಫ್ತಿ ಸಾಹೇಬರು ಹೇಳಿದರು. ಅಕ್ಕನ ಮಗ ಕೊಟ್ಟ, ಸ್ವಲ್ಪ ಗೊಣಗಿಕೊಂಡೇ.