ತಣ್ಣೀರಲ್ಲಿ ಡಿಜಿಟಿ ಕೆಲಸ ಮಾಡಲ್ಲ ಅಂದ್ರು, ಮಾಡ್ತು: ಸೋರ್‌ಫ್ಯೋರ್ಡ್‌ನಲ್ಲಿ ನನ್ನ ಅನುಭವ

ಡಿಜಿಟಿ ಅಂದ್ರೆ ನೀರಲ್ಲಿ ಕರಗಿರೋ ಲೋಹವನ್ನ ದಿನಗಟ್ಟಲೆ ನಿಧಾನಕ್ಕೆ ಹೀರ್ಕೊಳ್ಳೋ, ಫಿಲ್ಟರ್ ಮತ್ತೆ ಜೆಲ್ ಇರೋ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ. ಎರಡು ಚಳಿಗಾಲ ಹಾಳಾಯ್ತು, ಮೂರನೇದ್ರಲ್ಲಿ ಸರಿಯಾದ ಲೆಕ್ಕ ಬಂತು. ನಾರ್ವೆಯ ಹಾರ್ಡಾಂಗರ್ ಕಡೆಯ, ಬೆಟ್ಟಗಳ ನಡುವೆ ಚಾಚಿರೋ ಸಮುದ್ರದ ತೋಳು ಸೋರ್‌ಫ್ಯೋರ್ಡ್, ದಡದುದ್ದಕ್ಕೂ ಸೇಬಿನ ತೋಟ, ತುದಿಯಲ್ಲಿ ಒಡ್ಡಾ ಪೇಟೆ, ಅಲ್ಲಿ 1929ರಿಂದ ಸತುವಿನ ಕಾರ್ಖಾನೆ. 1986ರವರೆಗೂ ಸತು ತೆಗೆದ ಮೇಲೆ ಉಳಿಯೋ ಜಾರೋಸೈಟ್ ಅನ್ನೋ ಕಬ್ಬಿಣದ ಕೆಸರನ್ನ ಸೀದಾ ನೀರಿಗೇ ಬಿಡ್ತಿದ್ರು, ಆಮೇಲೆ ಬೆಟ್ಟ ಕೊರೆದು ಅದರ ಹೊಟ್ಟೆಗೆ ತುಂಬೋಕೆ ಶುರು ಮಾಡಿದ್ರು. ಮೊದಲು ಬಿಟ್ಟಿದ್ದ ಸತು, ಸೀಸ, ಕ್ಯಾಡ್ಮಿಯಂ, ಪಾದರಸ ತಳದಲ್ಲಿ ಈಗಲೂ ಇದೆ.

ಬಾಟಲಿಯಲ್ಲಿ ನೀರು ಹಿಡಿದ್ರೆ ಆ ಗಳಿಗೆಯ ಲೆಕ್ಕ ಅಷ್ಟೇ, ನನಗೆ ಬೇಕಿದ್ದದ್ದು ಮೂರು ವಾರದ ಸರಾಸರಿ. ನಾಲ್ಕೈದು ಡಿಗ್ರಿ ನೀರಲ್ಲಿ ಜೆಲ್ ಏನನ್ನೂ ಹೀರಲ್ಲ, ದುಡ್ಡು ದಂಡ ಅಂತ ಲ್ಯಾಬಿನ ಹಿರಿಯರೊಬ್ಬರು ಮುಖದ ಮೇಲೇ ಹೇಳಿದ್ರು. ಮೊದಲ ಸಲ ಅವರ ಮಾತೇ ನಿಜ ಅನ್ನೋ ಹಾಗೆ ಕ್ಯಾಡ್ಮಿಯಂ ಬಾಟಲಿ ಲೆಕ್ಕದ ಅರ್ಧದ ಹತ್ರ ಅಷ್ಟೇ ಬಂತು. ತಿಂಗಳು ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯ್ತು, ಎಲ್ಲರೂ ಕಾಪಿ ಮಾಡ್ಕೊಳ್ತಿದ್ದ ಎಕ್ಸೆಲ್ ಶೀಟಲ್ಲಿ ಡಿಫ್ಯೂಷನ್ ಸಂಖ್ಯೆ, ಅಂದ್ರೆ ಜೆಲ್ ಒಳಗೆ ಲೋಹ ಎಷ್ಟು ಬೇಗ ಹರಡುತ್ತೆ ಅನ್ನೋದು, 25 ಡಿಗ್ರಿದು, ಐದು ಡಿಗ್ರಿಯಲ್ಲಿ ಅದು ಹತ್ರ ಹತ್ರ ಅರ್ಧ ಆಗುತ್ತೆ. ಹಗ್ಗದಲ್ಲಿ ಪ್ರತಿ ಆಳಕ್ಕೂ ಒಂದೊಂದು ಟೆಂಪರೇಚರ್ ಲಾಗರ್ ಕಟ್ಟಿ, ನೀರಲ್ಲಿ ಬಿಡೋ ದಿನವನ್ನೂ ದುಪ್ಪಟ್ಟು ಮಾಡ್ದೆ. ಬೇರೆ ಕಡೆ ಇಷ್ಟು ದಿನ ಬಿಟ್ರೆ ಫಿಲ್ಟರ್ ಮೇಲೆ ಪಾಚಿ ಕಟ್ಟುತ್ತೆ, ಇಲ್ಲಿ ಚಳಿಗಾಲದಲ್ಲಿ ಬಿಸಿಲೇ ಇಲ್ಲ, ಮೂರು ವಾರ ಆದ್ರೂ ತೆಳು ಕಂದು ಪೊರೆ ಬಿಟ್ರೆ ಬಿಲ್ಲೆಗಳು ಹಾಗೇ ಇದ್ವು. ಚಳಿ ತೊಂದರೆ ಅಂದವರು ಇದನ್ನ ಯೋಚನೆನೇ ಮಾಡಿರಲಿಲ್ಲ.

ಎರಡನೇ ವರ್ಷ ಸತು ಕೈಕೊಡ್ತು. ಹೋಲಿಸಿ ನೋಡೋಕೆ ಅಂತ ನೀರಿಗೇ ಇಳಿಸದೆ ಇಟ್ಟ ಬ್ಲ್ಯಾಂಕ್‌ನಲ್ಲೂ ಸತು, ಇಳಿಸಿದ್ದರಲ್ಲಂತೂ ಸಿಕ್ಕಾಪಟ್ಟೆ. ಹುಡುಕ್ತಾ ಹೋದ್ರೆ ಪುಡಿ ಹಾಕಿದ ಗ್ಲೌಸು, ಹಗ್ಗದ ಸತು ಲೇಪಿಸಿದ (ಗ್ಯಾಲ್ವನೈಸ್ಡ್) ಕೊಂಡಿ, ದೋಣಿ ಅಡಿಗೆ ತುಕ್ಕು ಹಿಡೀಬಾರದು ಅಂತ ಹಾಕಿರೋ ಸತುವಿನ ಗಟ್ಟಿ, ಎಲ್ಲಾ ಸೇರ್ಕೊಂಡಿತ್ತು. ಭಾರಕ್ಕೆ ಸೀಸದ ಗುಂಡು ಬೇರೆ ಕಟ್ಟಿದ್ದೆ, ಸೀಸ ಅಳೆಯೋಕೆ ಹೋದವನು! ಎಲ್ಲಾ ಬಿಸಾಕಿ ಹೊಳೆಕಲ್ಲನ್ನ ಪ್ಲಾಸ್ಟಿಕ್ ಬಲೆಯಲ್ಲಿ ಕಟ್ದೆ, ಕೊಂಡಿ ಬದಲು ಬರೀ ಗಂಟು, ಹಗ್ಗ ತೂಗೋಕೆ ದೋಣಿಯಿಂದ ದೂರಕ್ಕೆ ತೇಲೋ ಬೋಯ್. ಅವತ್ತಿಂದ ಬ್ಲ್ಯಾಂಕ್ ಶುದ್ಧ. ಇನ್ನೊಂದ್ಸಲ ಡೆಕ್ ಮೇಲೆ ಮೈನಸ್ ಆರರಲ್ಲಿ ಡಬ್ಬಿ ಮರೆತು ಹದಿನಾರು ಬಿಲ್ಲೆ ಹೆಪ್ಪುಗಟ್ಟಿ ಜೆಲ್ ಸೀಳಿಹೋಯ್ತು, ಸುಮಾರು ಐದು ಸಾವಿರ ಕ್ರೋನರ್ ನೀರುಪಾಲು.

ಆ ನಷ್ಟದ ಮೇಲೇ ಜೆಲ್ ನಾನೇ ಹುಯ್ಯೋಕೆ ಶುರು ಮಾಡಿದ್ದು. ಹಳೇ ಬಿಲ್ಲೆಗಳನ್ನ ಆಸಿಡ್‌ನಲ್ಲಿ ನೆನೆಹಾಕಿ ತೊಳೆದು ಮತ್ತೆ ಬಳಸಿದ್ರೆ ಒಂದಕ್ಕೆ ಅರವತ್ತು ಕ್ರೋನರ್ ಒಳಗೇ ಮುಗಿಯುತ್ತೆ, ಕೊಂಡ್ರೆ ಮುನ್ನೂರರ ಹತ್ರ. ಹುಯ್ದ ಜೆಲ್ಲನ್ನ ಗಾಜಿಂದ ಬಿಡಿಸುವಾಗ ಹಾಲ್ಬಾಯಿ ಥರ ನಡುಗುತ್ತೆ, ಹರಿಯದ ಹಾಗೆ ಬಿಡಿಸೋ ಒಂದು ಉಪಾಯ ಇದೆ, ಅದು ನನ್ನ ಹತ್ರಾನೇ ಇರಲಿ.

ನಡುವೆ ಒಂದು ಆಸೆಗೆ ತಳದ ಕೆಸರಿನ ಕೋರ್, ಅಂದ್ರೆ ಕೊಳವೆಯಲ್ಲಿ ಪದರ ಕೆಡದ ಹಾಗೆ ಎತ್ತಿದ ಕೆಸರು, ತಂದು ಕೋಲ್ಡ್ ರೂಮಲ್ಲಿಟ್ಟು ಉದ್ದನೆ ಡಿಜಿಟಿ ಪ್ರೋಬ್ ಚುಚ್ಚಿದೆ. ಮೇಲಿನ ಒಂದು ಸೆಂಟಿಮೀಟರಲ್ಲಿ ಕ್ಯಾಡ್ಮಿಯಂ ಬಿಡುಗಡೆ ಆಗ್ತಿತ್ತು, ಕೆಳಗೆ ಕಪ್ಪು ಕೆಸರು, ಕೊಳೆತ ಮೊಟ್ಟೆ ವಾಸನೆ, ಅಲ್ಲಿ ಸಲ್ಫೈಡು ಹಿಡ್ಕೊಂಡು ಬಿಡ್ತಾನೇ ಇಲ್ಲ. ಅಂದ್ರೆ ಆ ಕೆಳಗಿನ ಕೆಸರನ್ನ ಕದಡಿದ್ರೇನೇ ಅಪಾಯ. ಕಾರ್ಖಾನೆ ಪಕ್ಕದ ಐಟ್ರೈಮ್ ಕೊಲ್ಲಿಯ ತಳಕ್ಕೆ 1992ರಲ್ಲಿ ಬಟ್ಟೆ ಹಾಸಿ ಮರಳು ಮುಚ್ಚಿದ್ದು ಯಾಕೆ ಅಂತ ನನಗೆ ಆ ಕೋರ್ ನೋಡಿದ ಮೇಲೇ ಸರಿಯಾಗಿ ಅರ್ಥ ಆಗಿದ್ದು.

ಮೂರನೇ ಚಳಿಗಾಲ ಡಿಜಿಟಿ ಕ್ಯಾಡ್ಮಿಯಂ ಬಾಟಲಿ ಸರಾಸರಿಗೆ ನೂರಕ್ಕೆ ಹತ್ತು ಹದಿನೈದರೊಳಗೆ ಬಂತು. ಜೊತೆಗೆ ಮಳೆ ಹೊಡೆದ ವಾರದಲ್ಲಿ ಬಾಟಲಿ ತಪ್ಪಿಸಿಕೊಂಡಿದ್ದ ಏರಿಕೆಯನ್ನೂ ಹಿಡೀತು. ಆ ಹಿರಿಯರು ಗ್ರಾಫ್ ನೋಡಿ, ಲಾಗರ್ ಫೈಲ್ ಕಳಿಸು ಅಂದ್ರು. ಈಗ ಹಿಮ ಕರಗೋಕೆ ಮುಂಚೆ ಇನ್ನೆರಡು ಸಾಲು ಇಳಿಸಬೇಕು, ಕರಗಿದ ಸಿಹಿನೀರು ಉಪ್ಪುನೀರಿನ ಮೇಲೆ ಕೂತಾಗ ಜೆಲ್ ಹೇಗೆ ನಡ್ಕೊಳ್ಳುತ್ತೆ ನೋಡ್ಬೇಕು, ಹೊಳೆಕಲ್ಲು ಆಗ್ಲೇ ಆರಿಸಿಟ್ಟಿದೀನಿ.